ಪಿಕಪ್ ವಾಹನದ ಕ್ಯಾರಿಯರ್

ಪಿಕಪ್ ವಾಹನದ ಕ್ಯಾರಿಯರ್ ಎಂಬುದು ಸಣ್ಣ ಸರಕು ವಾಹನಗಳ ಕ್ಯಾಬಿನ್ನಿನ ಮಟ್ಟಕ್ಕಿಂತ ಮೇಲೆ ಉದ್ದವಾದ ಅಥವಾ ಹಗುರವಾದ ಸರಕನ್ನು ಇರಿಸಲು ಅಳವಡಿಸುವ ಲೋಹದ ಚೌಕಟ್ಟು. ಏಣಿ, ಬಿದಿರು, ಕೊಳವೆ, ಮರದ ಪಟ್ಟಿ, ಶಾಮಿಯಾನದ ಕಂಬ ಮೊದಲಾದ ವಸ್ತುಗಳನ್ನು ಸಾಗಿಸಲು ಇದನ್ನು ಬಳಸುತ್ತಾರೆ. ಮಂಗಳೂರು ನಗರದಲ್ಲಿಯೂ ದಕ್ಷಿಣ ಕನ್ನಡ ಜಿಲ್ಲೆಯ ಇತರ ಊರುಗಳಲ್ಲಿಯೂ ಇಂಥ ಕ್ಯಾರಿಯರ್‌ಗಳನ್ನು ವಾಹನದ ಮಾಲಕರು ಸ್ಥಳೀಯ ವೆಲ್ಡಿಂಗ್ ಅಂಗಡಿಗಳಲ್ಲಿ ಮಾಡಿಸಿಕೊಳ್ಳುವುದು ಅಥವಾ ಕೆಲಸ ಬಲ್ಲವರು ತಾವೇ ತಯಾರಿಸುವುದು ವಾಡಿಕೆ. ನಾಲ್ಕು ಉದ್ದ ಕಬ್ಬಿಣದ ಕೊಳವೆಯಿಂದ ಇದನ್ನು ತಯಾರಿಸಬಹುದಾದರೂ ವಾಹನದ ಸಮತೋಲನ, ಕರಾವಳಿಯ ಉಪ್ಪುಗಾಳಿಯಿಂದ ಉಂಟಾಗುವ ತುಕ್ಕು ಮತ್ತು ಮೋಟಾರು ವಾಹನ ಕಾಯಿದೆಯ ನಿರ್ಬಂಧಗಳು ಇದರ ವಿನ್ಯಾಸವನ್ನೂ ಬಳಕೆಯನ್ನೂ ನಿರ್ಧರಿಸುತ್ತವೆ.

ಹೆಸರು ಮತ್ತು ಸ್ವರೂಪ

ವಾಹನದ ಮೇಲ್ಭಾಗದಲ್ಲಿ ಸಾಮಾನು ಹೇರುವ ಚೌಕಟ್ಟಿಗೆ ಕರಾವಳಿಯ ಆಡುಮಾತಿನಲ್ಲಿ ‘ಕ್ಯಾರಿಯರ್’ ಎಂಬ ಹೆಸರೇ ಬಳಕೆಯಲ್ಲಿದೆ. ಸೈಕಲ್ಲಿನ ಹಿಂಬದಿಯ ಸಾಮಾನು ಪಟ್ಟಿಗೂ ಇದೇ ಹೆಸರಿದೆ. ಸಣ್ಣ ಸರಕು ವಾಹನವನ್ನು ಅದರ ಗಾತ್ರ, ತಯಾರಕರನ್ನು ಅನುಸರಿಸಿ ‘ಪಿಕಪ್’, ‘ಟೆಂಪೋ’, ‘ಗೂಡ್ಸ್ ಟೆಂಪೋ’ ಎಂದು ಕರೆಯುತ್ತಾರೆ. ಸರಕು ತುಂಬುವ ಹಿಂಬದಿಯ ತೆರೆದ ಪೆಟ್ಟಿಗೆಗೆ ‘ಬಾಡಿ’ ಎನ್ನುವುದು ರೂಢಿ.

ಕಾರಿನ ಕ್ಯಾರಿಯರಿಗೂ ಪಿಕಪ್ ವಾಹನದ ಕ್ಯಾರಿಯರಿಗೂ ಮುಖ್ಯವಾದ ವ್ಯತ್ಯಾಸವೊಂದಿದೆ. ಕಾರಿನ ಕ್ಯಾರಿಯರ್ ಅದರ ಛಾವಣಿಯ ಅಂಚುಗಳನ್ನೇ ಆಧರಿಸಿ ನಿಲ್ಲುತ್ತದೆ. ಪಿಕಪ್ ವಾಹನದಲ್ಲಿ ಕ್ಯಾಬಿನ್ನಿನ ಛಾವಣಿ ತೆಳುವಾದ ಉಕ್ಕಿನ ತಗಡು. ಅದು ಮಳೆ ಬಿಸಿಲುಗಳಿಂದ ಚಾಲಕನನ್ನು ಕಾಯಲೆಂದು ಇರುವುದೇ ಹೊರತು ಸರಕಿನ ಭಾರ ಹೊರಲೆಂದಲ್ಲ. ಆದುದರಿಂದ ಸರಿಯಾಗಿ ರೂಪಿಸಿದ ಕ್ಯಾರಿಯರ್ ಬಾಡಿಯ ನಾಲ್ಕು ಮೂಲೆಗಳಿಂದ ಎದ್ದ ಕಂಬಗಳ ಮೇಲೆ ನಿಂತು, ಕ್ಯಾಬಿನ್ನನ್ನು ಮುಟ್ಟದೆ ಅದರ ಮೇಲೆ ಮುಂದಕ್ಕೆ ಚಾಚಿಕೊಂಡಿರುತ್ತದೆ.

ಇದರ ಭಾಗಗಳು ಹೀಗಿವೆ:

• ನಿಲುಗಂಬಗಳು – ಬಾಡಿಯ ಮೂಲೆಗಳಲ್ಲಿ ನಿಲ್ಲುವ ನಾಲ್ಕು ಕಂಬಗಳು.
• ಉದ್ದಪಟ್ಟಿಗಳು – ಕಂಬಗಳ ತುದಿಯಲ್ಲಿ ವಾಹನದ ಉದ್ದಕ್ಕೆ ಹಾಯುವ ಎರಡು ಕೊಳವೆಗಳು.
• ಅಡ್ಡಪಟ್ಟಿಗಳು – ಉದ್ದಪಟ್ಟಿಗಳನ್ನು ಜೋಡಿಸುವ, ಸರಕನ್ನು ನೇರವಾಗಿ ಹೊರುವ ಕೊಳವೆಗಳು.
• ಓರೆಪಟ್ಟಿಗಳು – ಚೌಕಟ್ಟು ಮುಂದೆ ಹಿಂದೆ ಅಥವಾ ಪಕ್ಕಕ್ಕೆ ವಾಲದಂತೆ ಮೂಲೆಗಳಲ್ಲಿ ಕೂಡಿಸುವ ತುಂಡುಗಳು.
• ಪಾದತಟ್ಟೆಗಳು – ಕಂಬದ ಬುಡದಲ್ಲಿ ಬೆಸೆದು ಬೋಲ್ಟುಗಳಿಂದ ಬಾಡಿಗೆ ಬಿಗಿಯುವ ದಪ್ಪ ತಗಡುಗಳು.

ಹಿನ್ನೆಲೆ

ವಾಹನದ ಛಾವಣಿಯ ಮೇಲೆ ಸಾಮಾನು ಹೇರುವ ಪದ್ಧತಿ ಕರಾವಳಿಗೆ ಬಸ್ಸುಗಳೊಂದಿಗೆ ಬಂದಿತು. ಮಂಗಳೂರಿನಲ್ಲಿ 1914ರಲ್ಲಿ ಆರಂಭವಾದ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ ಈ ಪ್ರದೇಶದ ಮೋಟಾರು ಸಾರಿಗೆಯ ಮೊದಲಿಗ ಸಂಸ್ಥೆಗಳಲ್ಲಿ ಒಂದು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಖಾಸಗಿ ಬಸ್ಸುಗಳ ಹಿಂಬದಿಯ ಕಬ್ಬಿಣದ ಏಣಿ ಮತ್ತು ಛಾವಣಿಯ ಮೇಲಿನ ಕಂಬಿಗಳ ಆವರಣ ಸರ್ವಸಾಧಾರಣ ದೃಶ್ಯವಾಗಿತ್ತು. ಅಡಕೆ ಮೂಟೆ, ಬಾಳೆಗೊನೆ, ತರಕಾರಿ ಬುಟ್ಟಿ, ಸೈಕಲ್ಲುಗಳು ಪ್ರಯಾಣಿಕರೊಂದಿಗೆ ಅದೇ ಬಸ್ಸಿನಲ್ಲಿ ಸಾಗುತ್ತಿದ್ದವು. ಅಂಬಾಸಿಡರ್ ಟ್ಯಾಕ್ಸಿಗಳಿಗೂ ಜೀಪುಗಳಿಗೂ ಕ್ಯಾರಿಯರ್ ಇರುತ್ತಿತ್ತು.

ಸಣ್ಣ ಸರಕು ವಾಹನಗಳು ಹೆಚ್ಚಿದಂತೆ ಬಸ್ಸಿನ ಮೇಲೆ ಸಾಗುತ್ತಿದ್ದ ಸರಕಿನ ಬಹುಭಾಗ ಅವುಗಳಿಗೆ ಬದಲಾಯಿತು. 2005ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ಏಸ್ ಈ ಬದಲಾವಣೆಗೆ ವೇಗ ನೀಡಿತು. ಮಹೀಂದ್ರ ಬೊಲೆರೊ ಪಿಕಪ್, ಅಶೋಕ್ ಲೇಲ್ಯಾಂಡ್ ದೋಸ್ತ್ ಮುಂತಾದವು ಇದೇ ವರ್ಗದ ಇತರ ವಾಹನಗಳು. ಒಬ್ಬನೇ ಮಾಲಕನೂ ಚಾಲಕನೂ ಆಗಿ ದುಡಿಯಬಹುದಾದ ಈ ವಾಹನಗಳು ಸ್ವಂತ ಉದ್ಯೋಗದ ಸಾಧನಗಳಾದವು. ಬಾಡಿಯ ಉದ್ದ ಏಳರಿಂದ ಒಂಬತ್ತು ಅಡಿಗಳಷ್ಟೇ ಇದ್ದು, ಬಾಡಿಗೆಗೆ ಬರುವ ಸರಕು ಅನೇಕ ಸಲ ಅದಕ್ಕಿಂತ ಉದ್ದವಾಗಿರುವುದೇ ಕ್ಯಾರಿಯರ್ ಅಳವಡಿಸಲು ಮುಖ್ಯ ಕಾರಣ.

ಬಳಕೆ

ಮಂಗಳೂರಿನಲ್ಲಿ ಕ್ಯಾರಿಯರ್ ಇರುವ ಪಿಕಪ್ ವಾಹನಗಳನ್ನು ಹೆಚ್ಚಾಗಿ ಬಳಸುವವರು ವಿದ್ಯುತ್ ಹಾಗೂ ನಲ್ಲಿ ಕೆಲಸದ ಗುತ್ತಿಗೆದಾರರು, ಬಣ್ಣ ಬಳಿಯುವವರು, ಜಾಹೀರಾತು ಫಲಕ ಕಟ್ಟುವವರು ಮತ್ತು ಶಾಮಿಯಾನ ಬಾಡಿಗೆಗೆ ಕೊಡುವವರು. ನವೆಂಬರಿನಿಂದ ಮೇ ತಿಂಗಳವರೆಗೆ ಮದುವೆ, ನೇಮ, ಬ್ರಹ್ಮಕಲಶೋತ್ಸವ, ಯಕ್ಷಗಾನ ಬಯಲಾಟಗಳ ಕಾಲವಾದುದರಿಂದ ಚಪ್ಪರದ ಸಾಮಗ್ರಿಯ ಸಾಗಾಟ ಅಧಿಕ. ನಗರದ ಹೊರವಲಯದ ತೋಟಗಳಿಗೆ ಏಣಿ, ಅಡಕೆ ಕೊಯ್ಯುವ ದೋಟಿ, ನೀರಾವರಿ ಕೊಳವೆಗಳನ್ನು ಒಯ್ಯುವುದಕ್ಕೂ, ಅಡಕೆ ಸಲಾಕೆ ಹಾಗೂ ಬಿದಿರನ್ನು ತರುವುದಕ್ಕೂ ಇದು ಉಪಯುಕ್ತ.

ಕ್ಯಾರಿಯರ್ ಎಲ್ಲ ಉದ್ದದ ಸರಕಿಗೂ ಪರಿಹಾರವಲ್ಲ. ಕಬ್ಬಿಣದ ಕೊಳವೆ ಮತ್ತು ಪಿ.ವಿ.ಸಿ. ಕೊಳವೆಗಳ ಸಾಮಾನ್ಯ ಉದ್ದ 6 ಮೀಟರ್, ಅಂದರೆ ಸುಮಾರು 20 ಅಡಿ. ಕಟ್ಟಡದ ಕಬ್ಬಿಣದ ಸರಳುಗಳ ಉದ್ದ 12 ಮೀಟರ್. ಮೊದಲ ಮಾದರಿಯ ಟಾಟಾ ಏಸ್ ವಾಹನದ ಒಟ್ಟು ಉದ್ದವೇ 3.8 ಮೀಟರ್. ಅದರ ಮೇಲೆ 6 ಮೀಟರ್ ಕೊಳವೆಯನ್ನು ಹೇಗೆ ಇರಿಸಿದರೂ 2.2 ಮೀಟರ್ ಹೊರಚಾಚುತ್ತದೆ. ಸುಮಾರು 5 ಮೀಟರ್ ಉದ್ದದ ಪಿಕಪ್ ವಾಹನದಲ್ಲಿಯೂ ಒಂದು ಮೀಟರ್ ಹೊರಗುಳಿಯುತ್ತದೆ. ಕ್ಯಾರಿಯರ್ ಸರಕನ್ನು ಮೇಲಕ್ಕೆ ಎತ್ತುತ್ತದೆಯೇ ಹೊರತು ವಾಹನವನ್ನು ಉದ್ದಗೊಳಿಸುವುದಿಲ್ಲ. ಮೂರರಿಂದ ನಾಲ್ಕೂವರೆ ಮೀಟರ್ ಉದ್ದದ ಹಗುರ ವಸ್ತುಗಳಿಗಷ್ಟೇ ಇದು ಹೇಳಿಸಿದ ಸಾಧನ.

ಭಾರ ಮತ್ತು ಸಮತೋಲನ

ಸರಕನ್ನು ಎತ್ತರದಲ್ಲಿ ಇರಿಸಿದಾಗ ವಾಹನದ ಗುರುತ್ವ ಕೇಂದ್ರ ಮೇಲಕ್ಕೆ ಸರಿಯುತ್ತದೆ. ವಾಹನ ಪಕ್ಕಕ್ಕೆ ಉರುಳದೆ ನಿಲ್ಲುವ ಶಕ್ತಿಯನ್ನು ಅಳೆಯಲು ಎಡಬಲ ಚಕ್ರಗಳ ನಡುವಣ ಅಂತರದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸುತ್ತಾರೆ. ಈ ಸಂಖ್ಯೆ ಕಡಿಮೆಯಾದಷ್ಟೂ ತಿರುವಿನಲ್ಲಿ ವಾಹನ ಉರುಳುವ ಅಪಾಯ ಹೆಚ್ಚು.

ಉದಾಹರಣೆಗೆ, 1,700 ಕೆ.ಜಿ. ತೂಕದ, ಚಕ್ರಗಳ ನಡುವೆ 1.4 ಮೀಟರ್ ಅಂತರವಿರುವ, ನೆಲದಿಂದ 65 ಸೆಂ.ಮೀ. ಎತ್ತರದಲ್ಲಿ ಗುರುತ್ವ ಕೇಂದ್ರವಿರುವ ಒಂದು ಪಿಕಪ್ ವಾಹನವನ್ನು ಊಹಿಸಬಹುದು. ಖಾಲಿಯಿದ್ದಾಗ ಅದರ ಸ್ಥಿರತೆಯ ಸಂಖ್ಯೆ 1.08. ಬಾಡಿಯಲ್ಲಿ 1.1 ಮೀಟರ್ ಎತ್ತರಕ್ಕೆ 100 ಕೆ.ಜಿ. ಸರಕು ಇರಿಸಿದರೆ ಗುರುತ್ವ ಕೇಂದ್ರ 67.5 ಸೆಂ.ಮೀ.ಗೆ ಏರಿ ಸಂಖ್ಯೆ 1.04 ಆಗುತ್ತದೆ. ಅದೇ 100 ಕೆ.ಜಿ. ಸರಕನ್ನು 60 ಕೆ.ಜಿ. ತೂಕದ ಕ್ಯಾರಿಯರಿನ ಮೇಲೆ 2.2 ಮೀಟರ್ ಎತ್ತರದಲ್ಲಿ ಇರಿಸಿದರೆ ಗುರುತ್ವ ಕೇಂದ್ರ ಸುಮಾರು 77 ಸೆಂ.ಮೀ.ಗೆ ಏರುತ್ತದೆ, ಸಂಖ್ಯೆ 0.91ಕ್ಕೆ ಇಳಿಯುತ್ತದೆ. ಸರಕಿನ ತೂಕ ಒಂದೇ ಆದರೂ ಪರಿಣಾಮ ಬೇರೆ. ಈ ಕಾರಣಕ್ಕಾಗಿ ಭಾರವಾದ ಸರಕನ್ನು ಬಾಡಿಯಲ್ಲಿ, ಹಗುರವಾದುದನ್ನು ಕ್ಯಾರಿಯರಿನಲ್ಲಿ ಇಡುವುದು ನಿಯಮ. ಬಾಡಿ ಖಾಲಿಯಿರಿಸಿ ಕ್ಯಾರಿಯರಿನ ಮೇಲೆ ಮಾತ್ರ ಭಾರ ಹೇರುವುದು ಅತ್ಯಂತ ಅಪಾಯಕಾರಿ.

ಮಂಗಳೂರಿನ ಭೂರಚನೆ ಈ ಅಪಾಯವನ್ನು ಹೆಚ್ಚಿಸುತ್ತದೆ. ನಗರವು ಮುರಕಲ್ಲಿನ ಗುಡ್ಡಗಳ ಮೇಲೂ ಅವುಗಳ ನಡುವಣ ತಗ್ಗುಗಳಲ್ಲಿಯೂ ಹಬ್ಬಿದ್ದು, ಕದ್ರಿ, ಬಾವುಟಗುಡ್ಡೆ ಮೊದಲಾದೆಡೆಗಳಲ್ಲಿ ಏರು ಇಳಿಜಾರಿನ ರಸ್ತೆಗಳಿವೆ. ಘಟ್ಟದ ಮೇಲಿನ ಊರುಗಳಿಗೆ ಹೋಗುವ ವಾಹನಗಳು ಶಿರಾಡಿ, ಚಾರ್ಮಾಡಿ ಅಥವಾ ಸಂಪಾಜೆಯ ತಿರುವುಗಳನ್ನು ದಾಟಬೇಕು.

ಗಾಳಿಯ ಪ್ರತಿರೋಧವನ್ನೂ ಗಣಿಸಬೇಕಾಗುತ್ತದೆ. ಅದು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಇದ್ದುದು 80 ಕಿ.ಮೀ. ವೇಗದಲ್ಲಿ ನಾಲ್ಕು ಪಟ್ಟಾಗುತ್ತದೆ. ಅಗಲವಾದ ಪ್ಲೈವುಡ್ ಹಲಗೆ ಅಥವಾ ಫಲಕವನ್ನು ಕ್ಯಾರಿಯರಿನ ಮೇಲೆ ಒಯ್ಯುವಾಗ ಗಾಳಿ ಅದರ ಅಡಿಗೆ ನುಗ್ಗಿ ಮೇಲಕ್ಕೆ ಎತ್ತುತ್ತದೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ನದಿಗಳ ಮೇಲಿನ ತೆರೆದ ಸೇತುವೆಗಳಲ್ಲಿ ಪಕ್ಕದಿಂದ ಬೀಸುವ ಗಾಳಿಯೂ ಸೇರಿಕೊಳ್ಳುತ್ತದೆ.

ಸಾಮಗ್ರಿ

ಸಾಮಾನ್ಯವಾಗಿ ಬಳಸುವುದು ಸಾಧಾರಣ ಉಕ್ಕಿನ ಚೌಕ ಕೊಳವೆ. 40 ಮಿ.ಮೀ. ಅಗಲ, 40 ಮಿ.ಮೀ. ಎತ್ತರ, 2 ಮಿ.ಮೀ. ದಪ್ಪದ ಕೊಳವೆ ಮೀಟರಿಗೆ ಸುಮಾರು 2.4 ಕೆ.ಜಿ. ತೂಗುತ್ತದೆ. ಸಮಾನ ಬಲದ ಕೋನಕಬ್ಬಿಣ ಇದಕ್ಕಿಂತ ಭಾರ, 40 ಮಿ.ಮೀ. ಅಗಲದ, 5 ಮಿ.ಮೀ. ದಪ್ಪದ ಕೋನಕಬ್ಬಿಣ ಮೀಟರಿಗೆ 3 ಕೆ.ಜಿ. ತೂಗುತ್ತದಲ್ಲದೆ ತಿರುಚುವ ಬಲಕ್ಕೆ ಕೊಳವೆಯಷ್ಟು ಎದುರು ನಿಲ್ಲುವುದಿಲ್ಲ. ಆದರೆ ಕೋನಕಬ್ಬಿಣದಲ್ಲಿ ಒಳಭಾಗವೆಂಬುದಿಲ್ಲವಾದ ಕಾರಣ ತುಕ್ಕು ಕಣ್ಣಿಗೆ ಕಾಣಿಸುತ್ತದೆ; ಎಲ್ಲ ಕಡೆಯೂ ಬಣ್ಣ ಬಳಿಯಬಹುದು. ಸತು ಲೇಪಿಸಿದ ದುಂಡು ಜಿ.ಐ. ಪೈಪು, ಸ್ಟೀಲು ಮತ್ತು ಅಲ್ಯೂಮಿನಿಯಂ ಕೊಳವೆಗಳನ್ನು ಬಳಸುವುದೂ ಉಂಟು. ಸ್ಟೀಲು ದುಬಾರಿ. ಅಲ್ಯೂಮಿನಿಯಂ ಹಗುರವಾದರೂ ಅದರ ಬೆಸುಗೆಗೆ ಬೇರೆ ಯಂತ್ರವೂ ಪರಿಣತಿಯೂ ಬೇಕು.

ಬಾಡಿಯ ಉದ್ದ 2.5 ಮೀಟರ್, ಬಾಡಿಯ ನೆಲ ಭೂಮಿಯಿಂದ 90 ಸೆಂ.ಮೀ. ಎತ್ತರ, ಕ್ಯಾಬಿನ್ನಿನ ನೆತ್ತಿ 2 ಮೀಟರ್ ಎತ್ತರ ಇರುವ ವಾಹನವೊಂದಕ್ಕೆ ಬೇಕಾಗುವ ಕೊಳವೆಯ ಲೆಕ್ಕ ಹೀಗಿದೆ:

• ನಿಲುಗಂಬಗಳು: 1.2 ಮೀಟರಿನ 4 ತುಂಡು – 4.8 ಮೀಟರ್
• ಉದ್ದಪಟ್ಟಿಗಳು: 3.5 ಮೀಟರಿನ 2 ತುಂಡು – 7 ಮೀಟರ್
• ಅಡ್ಡಪಟ್ಟಿಗಳು: 1.45 ಮೀಟರಿನ 4 ತುಂಡು – 5.8 ಮೀಟರ್
• ಓರೆಪಟ್ಟಿಗಳು: 75 ಸೆಂ.ಮೀ.ನ 4 ಮತ್ತು 60 ಸೆಂ.ಮೀ.ನ 4 ತುಂಡು – 5.4 ಮೀಟರ್

ಒಟ್ಟು 23 ಮೀಟರ್. ಅಂಗಡಿಯಲ್ಲಿ ಸಿಗುವ 6 ಮೀಟರಿನ ನಾಲ್ಕು ಕೊಳವೆಗಳಲ್ಲಿ ಇದು ಮುಗಿಯುತ್ತದೆ. ಎರಡು ಕೊಳವೆಗಳಿಂದ ತಲಾ ಒಂದು ಉದ್ದಪಟ್ಟಿ ಮತ್ತು ಎರಡು ನಿಲುಗಂಬ, ಮೂರನೆಯದರಿಂದ ಅಡ್ಡಪಟ್ಟಿಗಳು, ನಾಲ್ಕನೆಯದರಿಂದ ಓರೆಪಟ್ಟಿಗಳು ದೊರೆಯುತ್ತವೆ. ಪಾದತಟ್ಟೆ, ಬೋಲ್ಟು ಸೇರಿ ಕ್ಯಾರಿಯರಿನ ತೂಕ ಸುಮಾರು 60 ಕೆ.ಜಿ. ವಾಹನ ಹೊರಬಲ್ಲ ಸರಕಿನ ತೂಕದಲ್ಲಿ ಇಷ್ಟು ಶಾಶ್ವತವಾಗಿ ಕಡಿಮೆಯಾಗುತ್ತದೆ. 750 ಕೆ.ಜಿ. ಸಾಮರ್ಥ್ಯದ ವಾಹನಕ್ಕೆ ಉಳಿಯುವುದು 690 ಕೆ.ಜಿ. ಮಾತ್ರ.

ನಿರ್ಮಾಣ ಕ್ರಮ

ಮೊದಲು ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ಅಳತೆ ತೆಗೆಯಲಾಗುತ್ತದೆ. ಕ್ಯಾಬಿನ್ನಿನ ನೆತ್ತಿಗೂ ಉದ್ದಪಟ್ಟಿಗಳ ಅಡಿಗೂ ಕನಿಷ್ಠ ಆರೇಳು ಸೆಂ.ಮೀ. ಅಂತರ ಉಳಿಯಬೇಕು. ಈ ಅಂತರಕ್ಕೆ ಕಾರಣ ವಾಹನದ ರಚನೆಯಲ್ಲಿದೆ. ಚಾಸಿ ಇರುವ ಪಿಕಪ್ ವಾಹನಗಳಲ್ಲಿ ಕ್ಯಾಬಿನ್ ಮತ್ತು ಬಾಡಿ ಒಂದೇ ತುಂಡಲ್ಲ; ಎರಡೂ ಬೇರೆ ಬೇರೆಯಾಗಿ ಚಾಸಿಯ ಮೇಲೆ ಕುಳಿತಿರುತ್ತವೆ. ಹೊಂಡಗುಂಡಿಯ ರಸ್ತೆಯಲ್ಲಿ ಚಾಸಿ ತುಸು ತಿರುಚಿಕೊಂಡಾಗ ಅವು ಒಂದಕ್ಕೊಂದು ಹೊಂದದೆ ಅಲುಗುತ್ತವೆ. ಕ್ಯಾರಿಯರನ್ನು ಎರಡಕ್ಕೂ ಬಿಗಿದರೆ ಆ ಅಲುಗಾಟವೆಲ್ಲ ಬೆಸುಗೆಯ ಮೇಲೆ ಬಿದ್ದು ಬೆಸುಗೆ ಸೀಳುತ್ತದೆ, ಇಲ್ಲವೇ ಕ್ಯಾಬಿನ್ನಿನ ತಗಡು ಹರಿಯುತ್ತದೆ. ಹೀಗಾಗಿ ಕ್ಯಾರಿಯರ್ ಬಾಡಿಗೆ ಮಾತ್ರ ಸೇರಿರಬೇಕು.

ಕೊಳವೆಗಳನ್ನು ಕತ್ತರಿಸಿದ ಬಳಿಕ ಬೆಸುಗೆ ಹಾಕುವ ಜಾಗದಲ್ಲಿ ತುಕ್ಕು, ಎಣ್ಣೆ, ಬಣ್ಣಗಳನ್ನು ಉಜ್ಜಿ ತೆಗೆಯುತ್ತಾರೆ. ಮುಂದಿನ ಹಾಗೂ ಹಿಂದಿನ ಕಂಬಜೋಡಿಗಳನ್ನು ನೆಲದ ಮೇಲೆಯೇ ಮಲಗಿಸಿ, ಅಡ್ಡಪಟ್ಟಿಯೊಂದಿಗೆ ಕೂಡಿಸಿ ಎರಡು ಬಾಗಿಲುವಾಡಗಳಂತೆ ಸಿದ್ಧಪಡಿಸಲಾಗುತ್ತದೆ. ಮೊದಲು ಚುಕ್ಕೆ ಬೆಸುಗೆ ಹಾಕಿ, ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳನ್ನು ಅಳೆದು, ಅವು ಸಮವಾಗಿದ್ದರೆ ಮಾತ್ರ ಪೂರ್ಣ ಬೆಸುಗೆ ಹಾಕುವುದು ಕ್ರಮ. ಒಂದೇ ಬದಿಯಲ್ಲಿ ಒಮ್ಮೆಗೇ ಬೆಸೆದರೆ ಕಾದ ಲೋಹ ಆ ಬದಿಗೆ ಎಳೆದುಕೊಂಡು ಚೌಕಟ್ಟು ವಕ್ರವಾಗುತ್ತದೆ.

ಬಳಿಕ ಬಾಗಿಲುವಾಡಗಳನ್ನು ಬಾಡಿಯ ಮೇಲೆ ನಿಲ್ಲಿಸಿ ಉದ್ದಪಟ್ಟಿಗಳ ಸ್ಥಾನವನ್ನು ಗುರುತು ಮಾಡಿ, ಕೆಳಗಿಳಿಸಿ ಬೆಸೆಯುತ್ತಾರೆ. ವಾಹನದ ಮೇಲೆಯೇ ಬೆಸುಗೆ ಹಾಕುವುದು ಅನಿವಾರ್ಯವಾದರೆ ಬ್ಯಾಟರಿಯ ಸಂಪರ್ಕವನ್ನು ತಪ್ಪಿಸಬೇಕು. ಇಲ್ಲವಾದರೆ ಬೆಸುಗೆಯ ವಿದ್ಯುತ್ತು ವಾಹನದ ಎಲೆಕ್ಟ್ರಾನಿಕ್ ಭಾಗಗಳನ್ನು ಸುಡಬಹುದು. ಇಂಧನದ ಟ್ಯಾಂಕು ಮತ್ತು ಸಿ.ಎನ್.ಜಿ. ಸಿಲಿಂಡರಿನ ಬಳಿ ಬೆಸುಗೆಯ ಕಿಡಿ ಬೀಳಬಾರದು. ಚಾಸಿಗೆ ಬೆಸುಗೆ ಹಾಕುವುದು, ಅದರ ಅಂಚುಗಳಲ್ಲಿ ತೂತು ಕೊರೆಯುವುದು ಸರ್ವಥಾ ಸಲ್ಲದು. ಅಂಥ ಜಾಗಗಳಿಂದಲೇ ಬಿರುಕು ಆರಂಭವಾಗುತ್ತದೆ.

ಪಾದತಟ್ಟೆಗಳನ್ನು ಬಾಡಿಯ ನೆಲದ ಅಡ್ಡತೊಲೆಗಳ ಮೇಲೆ ಬರುವಂತೆ ಇರಿಸಿ, ಅಡಿಯಲ್ಲಿ ಇನ್ನೊಂದು ತಗಡು ಕೊಟ್ಟು, ಒಂದೊಂದು ಪಾದಕ್ಕೆ ನಾಲ್ಕು ಬೋಲ್ಟುಗಳಂತೆ ಬಿಗಿಯಲಾಗುತ್ತದೆ. ಅಡಿಯ ತಗಡಿಲ್ಲದಿದ್ದರೆ ಬೋಲ್ಟು ಕ್ರಮೇಣ ಬಾಡಿಯ ತೆಳು ತಗಡನ್ನು ಸೀಳಿ ಮೇಲೆ ಬರುತ್ತದೆ. ಅಲುಗಾಟಕ್ಕೆ ಸಡಿಲವಾಗದಂತೆ ನೈಲಾನ್ ಬಳೆಯಿರುವ ನಟ್ಟುಗಳನ್ನು ಬಳಸುತ್ತಾರೆ. ಬೆಸುಗೆಗಿಂತ ಬೋಲ್ಟಿನ ಜೋಡಣೆ ಮೇಲು, ಏಕೆಂದರೆ ಕ್ಯಾರಿಯರನ್ನು ಬೇಕಾದಾಗ ಬಿಚ್ಚಬಹುದು.

ಅಡ್ಡಪಟ್ಟಿ ಹೊರುವ ಭಾರ

ಮೇಲೆ ಹೇಳಿದ 1.45 ಮೀಟರಿನ ಅಡ್ಡಪಟ್ಟಿಯ ನಟ್ಟನಡುವೆ 50 ಕೆ.ಜಿ. ಭಾರ ಬಿದ್ದರೆ ಕೊಳವೆಯಲ್ಲಿ ಉಂಟಾಗುವ ಒತ್ತಡ ಚದರ ಮಿಲಿಮೀಟರಿಗೆ ಸುಮಾರು 48 ನ್ಯೂಟನ್. ಹೊಂಡಕ್ಕೆ ಚಕ್ರ ಇಳಿದಾಗ ಭಾರ ಮೂರು ಪಟ್ಟಾಗಿ ಎರಗುತ್ತದೆಂದು ಗಣಿಸಿದರೆ ಅದು 145 ನ್ಯೂಟನ್ ಆಗುತ್ತದೆ. ಸಾಧಾರಣ ಉಕ್ಕು ಮರಳಿ ನೆಟ್ಟಗಾಗದಂತೆ ಬಾಗುವ ಮಿತಿ 200ರಿಂದ 250 ನ್ಯೂಟನ್. ಆದುದರಿಂದ ಹೊಸ ಕೊಳವೆ ಸುರಕ್ಷಿತ. ಅದೇ ಕೊಳವೆ ಒಳಗಿನಿಂದ ತುಕ್ಕು ಹಿಡಿದು ಅದರ ದಪ್ಪ 2 ಮಿ.ಮೀ.ನಿಂದ 1 ಮಿ.ಮೀ.ಗೆ ಇಳಿದರೆ ಒತ್ತಡ 90ಕ್ಕೂ, ಹೊಂಡದಲ್ಲಿ 270ಕ್ಕೂ ಏರುತ್ತದೆ. ಹೊರಗಿನ ಬಣ್ಣ ಹೊಸದರಂತೆ ಕಾಣುತ್ತಿದ್ದರೂ ಆ ಕೊಳವೆ ಬಾಗುತ್ತದೆ.

ತುಕ್ಕು ಮತ್ತು ಮಳೆಗಾಲ

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಮಿಕ್ಕಿ ಮಳೆಯಾಗುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ತನಕದ ನಾಲ್ಕು ತಿಂಗಳಲ್ಲಿ ಸುರಿಯುತ್ತದೆ. ಸಮುದ್ರದಿಂದ ಬರುವ ಗಾಳಿಯಲ್ಲಿ ಉಪ್ಪಿನ ಕಣಗಳಿವೆ. ಉಪ್ಪು ಗಾಳಿಯ ತೇವವನ್ನು ಹೀರಿಕೊಂಡು ಲೋಹದ ಮೇಲೆ ವಿದ್ಯುತ್ತು ಹರಿಯಬಲ್ಲ ತೆಳುವಾದ ನೀರಿನ ಪದರವನ್ನು ಉಳಿಸುವುದರಿಂದ ಮಳೆಯಿಲ್ಲದ ದಿನಗಳಲ್ಲಿಯೂ ತುಕ್ಕು ಮುಂದುವರಿಯುತ್ತದೆ. ಮೀನುಗಾರಿಕಾ ಬಂದರಾದ ದಕ್ಕೆಯಿಂದ ಮೀನು ಸಾಗಿಸುವ ವಾಹನಗಳಿಗೆ ಉಪ್ಪುನೀರು, ಮಂಜುಗಡ್ಡೆಯ ನೀರುಗಳ ಸೋಂಕೂ ಇರುವ ಕಾರಣ ಅವು ಬೇಗನೆ ಹಾಳಾಗುತ್ತವೆ.

ಕೊಳವೆಯ ಕ್ಯಾರಿಯರಿನಲ್ಲಿ ತುಕ್ಕಿನ ಮೂಲ ಹೆಚ್ಚಾಗಿ ಒಳಗಿರುತ್ತದೆ. ಬೆಸುಗೆಯ ಸಣ್ಣ ರಂಧ್ರದಿಂದ ಒಳಹೋದ ನೀರು ಹೊರಬರಲಾರದೆ ನಿಲುಗಂಬದ ಬುಡದಲ್ಲಿ ನಿಲ್ಲುತ್ತದೆ. ಇದಕ್ಕೆ ಎರಡು ಉಪಾಯಗಳಿವೆ: ಎಲ್ಲ ತುದಿಗಳನ್ನೂ ಬೆಸೆದು ಸಂಪೂರ್ಣ ಮುಚ್ಚುವುದು, ಅಥವಾ ಬುಡದಲ್ಲಿ ನೀರು ಇಳಿದುಹೋಗಲು 6 ಮಿ.ಮೀ. ತೂತು ಬಿಡುವುದು. ಅರ್ಧ ಮುಚ್ಚಿ ಅರ್ಧ ತೆರೆದ ಕೊಳವೆ ಎರಡಕ್ಕಿಂತಲೂ ಕೆಡುಕು.

ಬಣ್ಣದ ಕೆಲಸವನ್ನು ಒಣ ಹವೆಯಿರುವ ತಿಂಗಳುಗಳಲ್ಲಿ, ಮಳೆಗಾಲಕ್ಕೆ ಮೊದಲೇ ಮುಗಿಸುವುದು ಒಳಿತು. ಬೆಸುಗೆಯ ಮೇಲಿನ ಕಿಟ್ಟವನ್ನು ತಟ್ಟಿ ತೆಗೆದು, ಉಜ್ಜಿ, ಅದೇ ದಿನ ಪ್ರೈಮರ್ ಬಳಿಯಬೇಕು. ರೆಡ್ ಆಕ್ಸೈಡ್ ಪ್ರೈಮರ್ ಅಗ್ಗವಾಗಿ ದೊರೆಯುತ್ತದೆ. ಸತುವಿನ ಅಂಶ ಅಧಿಕವಿರುವ ಎಪಾಕ್ಸಿ ಪ್ರೈಮರ್ ಕರಾವಳಿಯ ಹವೆಗೆ ಹೆಚ್ಚು ತಾಳುತ್ತದೆ. ಸತು ಕಬ್ಬಿಣಕ್ಕಿಂತ ಬೇಗ ಕರಗುವ ಲೋಹವಾದುದರಿಂದ ಅದು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ.

ಸಿದ್ಧ ಚೌಕಟ್ಟನ್ನು ಸುಮಾರು 450 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಕರಗಿದ ಸತುವಿನಲ್ಲಿ ಮುಳುಗಿಸುವುದು ಅತ್ಯಂತ ಬಾಳಿಕೆಯ ವಿಧಾನ. ಇದಕ್ಕಾಗಿ ಕೊಳವೆಗಳಲ್ಲಿ ಗಾಳಿ ಹೊರಹೋಗುವ ತೂತುಗಳಿರಲೇಬೇಕು. ಮುಚ್ಚಿದ ಕೊಳವೆಯೊಳಗಿನ ಗಾಳಿ ಮತ್ತು ತೇವ ಆ ಶಾಖಕ್ಕೆ ಹಿಗ್ಗಿ ಕೊಳವೆ ಸಿಡಿಯುತ್ತದೆ. ಸತು ಲೇಪಿತ ಪೈಪನ್ನು ಬೆಸೆಯುವಾಗ ಏಳುವ ಬಿಳಿ ಹೊಗೆ ಸತುವಿನ ಆಕ್ಸೈಡ್. ಅದನ್ನು ಉಸಿರಾಡಿದ ಕೆಲವು ಗಂಟೆಗಳಲ್ಲಿ ಚಳಿಜ್ವರ, ಮೈಕೈ ನೋವು ಕಾಣಿಸಿಕೊಳ್ಳುತ್ತವೆ. ಬೆಸುಗೆಯ ಜಾಗದಲ್ಲಿ ಲೇಪನವನ್ನು ಉಜ್ಜಿ ತೆಗೆದು, ಗಾಳಿಯಾಡುವ ತೆರೆದ ಸ್ಥಳದಲ್ಲಿ ಕೆಲಸ ಮಾಡುವುದು ಸುರಕ್ಷಿತ.

ಬಳಕೆಯಲ್ಲಿರುವ ಕ್ಯಾರಿಯರನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಬೇಕಾಗುತ್ತದೆ. ಕೊಳವೆಯ ಅಡಿಭಾಗವನ್ನು ಸಣ್ಣ ಸುತ್ತಿಗೆಯಿಂದ ತಟ್ಟಿದಾಗ ಗಟ್ಟಿ ಲೋಹ ಗಣಗಣಿಸುತ್ತದೆ. ತುಕ್ಕು ತಿಂದ ಜಾಗ ಮಂದವಾಗಿ ಸದ್ದು ಮಾಡುತ್ತದೆ ಅಥವಾ ತಗ್ಗಾಗುತ್ತದೆ. ಬೆಸುಗೆಯ ಅಂಚಿನಲ್ಲಿ ಕೂದಲೆಳೆಯಂಥ ಕಂದು ಗೆರೆ ಕಂಡರೆ ಅದು ಬಿರುಕಿನ ಸೂಚನೆ.

ಸರಕು ಕಟ್ಟುವಿಕೆ

ಕ್ಯಾರಿಯರಿನ ಮೇಲಿನ ಸರಕು ತನ್ನ ತೂಕದಿಂದಷ್ಟೇ ನಿಲ್ಲುವುದಿಲ್ಲ. ಥಟ್ಟನೆ ಬ್ರೇಕು ಹಾಕಿದಾಗ ವಾಹನ ನಿಂತರೂ ಸರಕು ಮುಂದಕ್ಕೆ ಚಲಿಸಲು ಯತ್ನಿಸುತ್ತದೆ. ಯುರೋಪಿನ ಮಾನದಂಡದಂತೆ ಸರಕಿನ ಕಟ್ಟು ಅದರ ತೂಕದ 0.8 ಪಾಲನ್ನು ಮುಂದಿನ ದಿಕ್ಕಿಗೂ, 0.5 ಪಾಲನ್ನು ಪಕ್ಕಕ್ಕೂ ಹಿಂದಕ್ಕೂ ತಡೆಯಬಲ್ಲುದಾಗಿರಬೇಕು. 100 ಕೆ.ಜಿ. ಕೊಳವೆಯ ಕಟ್ಟು ಬ್ರೇಕಿನ ವೇಳೆ 80 ಕೆ.ಜಿ. ಭಾರದಷ್ಟು ಬಲದಿಂದ ಮುಂದಕ್ಕೆ ತಳ್ಳುತ್ತದೆ. ನುಣುಪಾದ ಪಿ.ವಿ.ಸಿ. ಕೊಳವೆಗಳು ಮಳೆಯಲ್ಲಿ ಒದ್ದೆಯಾದಾಗ ಒಂದರ ಮೇಲೊಂದು ಸುಲಭವಾಗಿ ಜಾರುವುದರಿಂದ ಕಟ್ಟಿನ ನಡುವಣ ಕೊಳವೆ ಬಾಣದಂತೆ ಹೊರಬರಬಹುದು.

ತೆಂಗಿನ ನಾರಿನ ಹಗ್ಗ ಒದ್ದೆಯಾದಾಗ, ಒಣಗಿದಾಗ ಉದ್ದದಲ್ಲಿ ವ್ಯತ್ಯಾಸವಾಗಿ ಸಡಿಲಗೊಳ್ಳುತ್ತದೆ. ನೈಲಾನ್ ಹಗ್ಗ ಎಳೆತಕ್ಕೆ ಹಿಗ್ಗುತ್ತದೆ. ಬಿಗಿಯುವ ಹಿಡಿಕೆಯಿರುವ ಪಾಲಿಯೆಸ್ಟರ್ ಪಟ್ಟಿ ಇವೆರಡಕ್ಕಿಂತ ವಿಶ್ವಾಸಾರ್ಹ. ಉದ್ದದ ಸರಕನ್ನು ಕನಿಷ್ಠ ಎರಡು ಕಡೆ ಅಡ್ಡಲಾಗಿ ಕಟ್ಟುವುದರೊಂದಿಗೆ ಮುಂತುದಿಯನ್ನು ಹಿಂದಕ್ಕೆಳೆದು ಕಟ್ಟುವ ಮತ್ತೊಂದು ಕಟ್ಟು ಅಗತ್ಯ. ಕೊಳವೆಗಳಾದರೆ ಹಗ್ಗವನ್ನು ಇಡೀ ಹೊರೆಗೆ ಒಂದು ಸುತ್ತು ಸುತ್ತಿ ಬಿಗಿದಾಗ ನಡುವಿನವೂ ಹಿಡಿತಕ್ಕೆ ಸಿಗುತ್ತವೆ. ಹೊರಟ ಕೆಲವು ಕಿ.ಮೀ.ಗಳ ಬಳಿಕ ವಾಹನ ನಿಲ್ಲಿಸಿ ಕಟ್ಟನ್ನು ಮತ್ತೊಮ್ಮೆ ನೋಡುವುದು ಅನುಭವಿ ಚಾಲಕರ ಪದ್ಧತಿ.

ಸರಕು ಹೇರಿದ ಮೇಲೆ ವಾಹನದ ಒಟ್ಟು ಎತ್ತರ ಚಾಲಕನಿಗೆ ತಿಳಿದಿರಬೇಕು. ಪಡೀಲಿನಂಥ ರೈಲ್ವೆ ಕೆಳಸೇತುವೆಗಳು, ಅಂಗಳದ ಕಮಾನುಗಳು, ಬಂದರು ಪ್ರದೇಶದ ಕಿರಿದಾದ ಬೀದಿಗಳಲ್ಲಿ ತಗ್ಗಾಗಿ ಹಾಯ್ದ ವಿದ್ಯುತ್ ಮತ್ತು ಕೇಬಲ್ ತಂತಿಗಳು ಅಪಾಯದ ಸ್ಥಳಗಳು. ಅಲ್ಯೂಮಿನಿಯಂ ಏಣಿ ಅಥವಾ ಕಬ್ಬಿಣದ ಕೊಳವೆಯನ್ನು ಇಳಿಸುವಾಗ ಅದು ತಂತಿಗೆ ತಗಲಿದರೆ ಜೀವಹಾನಿಯಾಗಬಹುದು.

ಕಾನೂನು

ಮೋಟಾರು ವಾಹನ ಕಾಯಿದೆ 1988ರ 52ನೇ ಸೆಕ್ಷನಿನಂತೆ ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ನಿರ್ದಿಷ್ಟತೆಗಿಂತ ಭಿನ್ನವಾಗುವ ರೀತಿಯಲ್ಲಿ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಸೆಕ್ಷನನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿಸಲಾದ 182ಎ ಸೆಕ್ಷನಿನ ಪ್ರಕಾರ ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲಕರಿಗೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು. ನೋಂದಣಿ ಪತ್ರದಲ್ಲಿ ವಾಹನದ ಖಾಲಿ ತೂಕವೂ ನಮೂದಾಗಿರುವುದರಿಂದ ಶಾಶ್ವತವಾಗಿ ಬೆಸೆದ 60 ಕೆ.ಜಿ. ಚೌಕಟ್ಟು ಆ ವಿವರವನ್ನು ಬದಲಾಯಿಸುತ್ತದೆ. ಕೆಲಸ ಆರಂಭಿಸುವ ಮೊದಲೇ ವಾಹನ ನೋಂದಣಿಯಾದ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಅವಶ್ಯ. ದಕ್ಷಿಣ ಕನ್ನಡದಲ್ಲಿ ಮಂಗಳೂರು (ಕೆ.ಎ. 19), ಪುತ್ತೂರು (ಕೆ.ಎ. 21) ಮತ್ತು ಬಂಟ್ವಾಳ (ಕೆ.ಎ. 70) ಇಂಥ ಕಚೇರಿಗಳಿರುವ ಸ್ಥಳಗಳು. ವಿಮಾ ಸಂಸ್ಥೆಗೂ ವಿಷಯ ತಿಳಿಸಿರಬೇಕು. ತಿಳಿಸದ ಮಾರ್ಪಾಡು ಅಪಘಾತದ ಬಳಿಕ ಪರಿಹಾರದ ವಿವಾದಕ್ಕೆ ಎಡೆಮಾಡುತ್ತದೆ.

ಹೊರಚಾಚಿದ ಸರಕಿಗೆ ಸಂಬಂಧಿಸಿದ ನಿಯಮ ಕಠಿಣವಾಗಿದೆ. ಕೆಂಪು ಬಟ್ಟೆ ಅಥವಾ ದೀಪ ಕಟ್ಟಿದರೆ ಹಿಂಬದಿಗೆ ಒಂದು ಮೀಟರಿನವರೆಗೆ ಸರಕು ಚಾಚಿರಬಹುದೆಂಬ ಹಿಂದಿನ ವಿನಾಯಿತಿಯನ್ನು 2014ರಲ್ಲಿ ಕೈಬಿಡಲಾಯಿತು. ಚಾಚಿದ ಕಬ್ಬಿಣದ ಸರಳುಗಳಿಗೆ ಹಿಂದಿನ ವಾಹನದವರು ಬಡಿದು ಸಂಭವಿಸುತ್ತಿದ್ದ ಸಾವುಗಳು ಇದಕ್ಕೆ ಕಾರಣ. ಕೆಂಪು ಬಟ್ಟೆ ಕಟ್ಟಿದರೆ ಸಾಕೆಂಬ ನಂಬಿಕೆ ಚಾಲಕರಲ್ಲಿ ಇನ್ನೂ ಉಳಿದಿದ್ದರೂ ಅದಕ್ಕೆ ಈಗ ಕಾನೂನಿನ ಆಧಾರವಿಲ್ಲ. ಕಾಯಿದೆಯ 194ನೇ ಸೆಕ್ಷನಿನಲ್ಲಿ ಬಾಡಿಯಿಂದ ಪಕ್ಕಕ್ಕೆ, ಮುಂದಕ್ಕೆ, ಹಿಂದಕ್ಕೆ ಅಥವಾ ಮಿತಿಮೀರಿದ ಎತ್ತರಕ್ಕೆ ಚಾಚಿದ ಸರಕಿಗೆ 20,000 ರೂಪಾಯಿ ದಂಡವಿದೆ. ಅಧಿಕ ಭಾರಕ್ಕೆ 20,000 ರೂಪಾಯಿಯೊಂದಿಗೆ ಹೆಚ್ಚುವರಿ ಟನ್ನೊಂದಕ್ಕೆ 2,000 ರೂಪಾಯಿ ದಂಡವಿದೆ. ಸ್ಥಳದಲ್ಲಿಯೇ ವಸೂಲು ಮಾಡುವ ದಂಡದ ಮೊತ್ತವನ್ನು ರಾಜ್ಯ ಸರಕಾರ ಅಧಿಸೂಚನೆಯ ಮೂಲಕ ನಿಗದಿಪಡಿಸುತ್ತದೆ.

ಕ್ಯಾರಿಯರಿನ ಮೇಲೆ ಜನರನ್ನು ಕೂರಿಸುವುದನ್ನು 123ನೇ ಸೆಕ್ಷನ್ ನಿಷೇಧಿಸುತ್ತದೆ. ಸರಕು ಜಾರದಂತೆ ಹಿಡಿದುಕೊಳ್ಳಲು ಕೆಲಸಗಾರನೊಬ್ಬನನ್ನು ಮೇಲೆ ಕೂರಿಸುವುದೂ ಇದರಲ್ಲಿ ಸೇರುತ್ತದೆ.

ಸರಕು ವಾಹನಗಳು ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಬಳಿಕ ಪ್ರತಿವರ್ಷ ಅರ್ಹತಾ ಪತ್ರ ಪಡೆಯಬೇಕು. ಬೋಲ್ಟಿನಿಂದ ಜೋಡಿಸಿದ ಕ್ಯಾರಿಯರನ್ನು ತಪಾಸಣೆಗೆ ಮುನ್ನ ಬಿಚ್ಚಿಡಬಹುದಾದರೂ ರಸ್ತೆಯಲ್ಲಿ ಅದರ ಬಳಕೆ ಕಾನೂನಿಗೆ ಒಳಪಟ್ಟೇ ಇರುತ್ತದೆ.

ಪರ್ಯಾಯಗಳು

ಕ್ಯಾರಿಯರ್ ಇಲ್ಲದೆಯೂ ಸಾಗಿಸುವ ದಾರಿಗಳಿವೆ. ನೀರಿನ ಕೊಳವೆಗಳನ್ನು ಅಂಗಡಿಯಲ್ಲಿಯೇ 3 ಮೀಟರಿನ ತುಂಡುಗಳಾಗಿ ಕತ್ತರಿಸಿ, ಕೆಲಸದ ಜಾಗದಲ್ಲಿ ಜೋಡುಕೊಳವೆಯಿಂದ ಕೂಡಿಸಬಹುದು. ಒಂಬತ್ತು ಅಡಿಯ ಬಾಡಿಯಲ್ಲಿ ಮೂಲೆಯಿಂದ ಮೂಲೆಗೆ ಓರೆಯಾಗಿ ಇರಿಸಿದರೆ ಮೂರು ಮೀಟರಿನ ವಸ್ತು ಒಳಗೇ ಹಿಡಿಯುತ್ತದೆ. ಒಂದರೊಳಗೊಂದು ಸೇರುವ ಅಲ್ಯೂಮಿನಿಯಂ ಏಣಿಗಳು ಉದ್ದದ ಬಿದಿರೇಣಿಗೆ ಬದಲಿಯಾಗುತ್ತವೆ. ಆರು ಮೀಟರಿನ ಕೊಳವೆಗೂ ಹನ್ನೆರಡು ಮೀಟರಿನ ಸರಳಿಗೂ ಉದ್ದ ಬಾಡಿಯ ಲಾರಿಯೇ ತಕ್ಕ ವಾಹನ. ಅದರ ಬಾಡಿಗೆ ಹೆಚ್ಚಾದರೂ ಚಾಚಿದ ಸರಕಿನ ದಂಡ ಮತ್ತು ಅಪಘಾತದ ಹೊಣೆಗಳ ಮುಂದೆ ಅದು ಕಡಿಮೆಯೇ.

ಇವನ್ನೂ ನೋಡಿ

• ಗುರುತ್ವ ಕೇಂದ್ರ
• ಬೆಸುಗೆ
• ತುಕ್ಕು
• ಮೋಟಾರು ವಾಹನ ಕಾಯಿದೆ, 1988
• ಮಂಗಳೂರು